ಒಲ್ಲೆನೆಂಬ ಮಾತು

ಕೆಂಪು ಮಸಿಯ ಲೇಖನಿಯನ್ನು ಹಲವು ವರ್ಷ ಹಿಡಿದ ಅಧ್ಯಾಪಕನಿಗೆ ತಾನು ಮಾಡಿದ ತಿದ್ದುಪಡಿಗಳು ನೆನಪಿನಲ್ಲಿ ಉಳಿಯುವುದು ಅಪರೂಪ. ತಿದ್ದುವುದು ಅವನ ವೃತ್ತಿ; ತಿದ್ದಿದ್ದನ್ನು ಮರೆಯುವುದು ಆ ವೃತ್ತಿಯ ಸೌಕರ್ಯ. ಆದರೆ ಕೆಲವು ವರ್ಷಗಳ ಹಿಂದೆ ನಾನು ಮಾಡಿದ ಒಂದು ತಿದ್ದುಪಡಿ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, ಹರಿಹರನ ಮಹಾದೇವಿಯಕ್ಕನ ರಗಳೆಯನ್ನು ಕುರಿತ ಪ್ರಶ್ನೆಗೆ ಉತ್ತರ ಬರೆಯುತ್ತ, ಅರಸನು ಶರತ್ತುಗಳನ್ನು ಮುರಿದ ಮೇಲೆ “ಅಕ್ಕ ಅವನನ್ನು ಒಲ್ಲೆ ಅಂದಳು” ಎಂದು ಮುಗಿಸಿದ್ದಳು. ನಾನು ‘ಒಲ್ಲೆ ಅಂದಳು’ ಎಂಬುದರ ಮೇಲೆ ಗೆರೆಯೆಳೆದು ‘ನಿರಾಕರಿಸಿದಳು’ ಎಂದು ಬರೆದೆ. ಅಂಚಿನಲ್ಲಿ ‘ಗ್ರಾಮ್ಯ’ ಎಂಬ ಷರಾ ಹಾಕಿದೆ. ಅರ್ಧ ಅಂಕವನ್ನೂ ಕಳೆದೆ.

ಪತ್ರಿಕೆಗಳನ್ನು ಹಂಚಿದ ದಿನ ಆ ಹುಡುಗಿ ಬಾಗಿಲ ಬಳಿ ನಿಂತು ಕೇಳಿದಳು: “ಸರ್, ನಮ್ಮೂರಾಗ ಎಲ್ಲಾರೂ ಒಲ್ಲೆ ಅಂತಾರ್ರಿ. ಅದು ತಪ್ಪೇನ್ರಿ?” ತಪ್ಪಲ್ಲ, ಆದರೆ ಬರೆಹಕ್ಕೆ ಸಲ್ಲುವ ಮಾತಲ್ಲ ಎಂದೆ. ಅವಳು ತಲೆದೂಗಿ ಹೋದಳು. ಅಧ್ಯಾಪಕನ ಉತ್ತರಕ್ಕೆ ವಿದ್ಯಾರ್ಥಿ ತಲೆದೂಗಿದರೆ ಆ ಉತ್ತರ ಸರಿಯೆಂದು ನಂಬಿಬಿಡುವ ಅಪಾಯ ನಮ್ಮ ವೃತ್ತಿಯಲ್ಲಿ ದೊಡ್ಡದು. ನಾನೂ ಹಾಗೆಯೇ ನಂಬಿದೆ. ನನ್ನ ತಪ್ಪು ತಿಳಿಯಬೇಕಾದರೆ ಎರಡು ಸಂಗತಿಗಳು ನಡೆಯಬೇಕಾಯಿತು: ಒಂದು, ಇಂಗ್ಲಿಷಿನ ಒಂದು ಸತ್ತ ಕ್ರಿಯಾಪದದ ಪರಿಚಯ, ಇನ್ನೊಂದು, ಆ ಹುಡುಗಿಯ ತಂದೆಯ ಭೇಟಿ. ಮೊದಲನೆಯದನ್ನು ಮೊದಲು ಹೇಳುತ್ತೇನೆ.

ಇಂಗ್ಲಿಷಿನಲ್ಲಿ ಒಂದು ಕಾಲಕ್ಕೆ ‘ನಿಲ್’ ಎಂಬ ಕ್ರಿಯಾಪದವಿತ್ತು. ನಮ್ಮ ‘ನಿಲ್ಲು’ವಿಗೂ ಅದಕ್ಕೂ ಸಂಬಂಧವೇನೂ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಕೆಲವು ಕ್ರಿಯಾಪದಗಳ ತಲೆಗೆ ‘ನೆ’ ಎಂಬ ನಿಷೇಧಾವ್ಯಯ ಅಂಟಿಕೊಂಡು ಬರುತ್ತಿತ್ತು. ಇಚ್ಛಿಸು ಎಂಬರ್ಥದ ‘ವಿಲ್’ ಧಾತುವಿಗೆ ಅದು ಅಂಟಿದಾಗ ಹುಟ್ಟಿದ್ದೇ ‘ನಿಲ್’: ಇಚ್ಛಿಸೆನು, ಮನಸ್ಸಿಲ್ಲ, ಒಲ್ಲೆ. ಲ್ಯಾಟಿನ್ನಿನ ‘ನೋಲೋ’ ಕೂಡ ಇದೇ ರೀತಿಯಲ್ಲಿ ಇಚ್ಛಾರ್ಥದ ‘ವೋಲೋ’ವಿಗೆ ನಿಷೇಧ ಸೇರಿ ಆದ ಮಾತು. ಬೇಡವೆನ್ನುವ ಮನಸ್ಸೂ ಒಂದು ಮನಸ್ಸೇ, ಅದಕ್ಕೂ ಒಂದು ಸ್ವಂತ ಕ್ರಿಯಾಪದ ಬೇಕು ಎಂಬ ತಿಳಿವಳಿಕೆ ಆ ಭಾಷೆಗಳಿಗೆ ಇದ್ದಿತು. 1400ರಲ್ಲಿ ತೀರಿಕೊಂಡ ಚಾಸರನಿಗೆ ‘ನಿಲ್’ ಸಹಜವಾದ ಮಾತು. 1590ರಲ್ಲಿ ‘ಫೇರಿ ಕ್ವೀನ್’ ಕಾವ್ಯದ ಮೊದಲ ಭಾಗವನ್ನು ಪ್ರಕಟಿಸಿದ ಸ್ಪೆನ್ಸರನಿಗೆ ಅದು ಆಗಲೇ ಹಳಗಾಲದ ಒಡವೆ. ಅವನು ಬೇಕೆಂದೇ ಪೆಟ್ಟಿಗೆಯಿಂದ ತೆಗೆದು ತೊಡಿಸಿದ್ದು.

ಷೇಕ್ಸ್‌ಪಿಯರನಲ್ಲಿ ಈ ಕ್ರಿಯಾಪದದ ಎರಡು ಪ್ರಯೋಗಗಳು ನೆನಪಿಗೆ ಬರುತ್ತವೆ. ಎರಡೂ ಕಡೆ ಅದು ಒಂಟಿಯಾಗಿ ಬಾರದೆ, ‘ವಿಲ್’ ಎಂಬ ತನ್ನ ಜೊತೆಗಾರನೊಂದಿಗೆ ಜೋಡಿಪದವಾಗಿ ಬರುತ್ತದೆ. ‘ಹ್ಯಾಮ್ಲೆಟ್’ ನಾಟಕದಲ್ಲಿ ಗೋರಿ ತೋಡುವವನು, ನೀರಿಗಿಳಿದ ಮನುಷ್ಯ ಇಚ್ಛಿಸಲಿ ಒಲ್ಲದಿರಲಿ ಹೋಗುತ್ತಾನೆ ಎಂಬ ತರ್ಕವನ್ನು ಹೂಡುತ್ತಾನೆ. ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕದಲ್ಲಿ ಪೆಟ್ರೂಕಿಯೊ ಎಂಬ ವರಮಹಾಶಯ ಕ್ಯಾಥರೀನಳ ಎದುರಿಗೆ ನಿಂತು, ನೀನು ಒಪ್ಪು ಒಪ್ಪದಿರು, ನಿನ್ನನ್ನು ಮದುವೆಯಾಗುವುದು ಖಂಡಿತವೆಂದು ಸಾರುತ್ತಾನೆ. ಅವಳು ಒಲ್ಲೆನೆಂದು ಅದಾಗಲೇ ಸ್ಪಷ್ಟವಾಗಿ ತಿಳಿಸಿದ್ದಾಳೆ. ಆಮೇಲೆ ಅವಳ ತಂದೆ ಬಂದಾಗ, ನಾವಿಬ್ಬರೂ ಒಪ್ಪಿದ್ದೇವೆ, ಜನರೆದುರು ಮಾತ್ರ ಅವಳು ಸಿಡುಕುವುದೆಂದು ಮಾತಾಗಿದೆ ಎಂದು ಪೆಟ್ರೂಕಿಯೊ ಹೇಳಿಬಿಡುತ್ತಾನೆ. ಅಲ್ಲಿಗೆ ಅವಳ ಯಾವ ಮಾತೂ ನಿಷೇಧವೆನಿಸದ ಏರ್ಪಾಡಾಯಿತು. ಒಲ್ಲೆನೆಂದರೂ ಅದು ಒಪ್ಪಂದದ ಭಾಗ. ಸುಮ್ಮನಿದ್ದರಂತೂ ಒಪ್ಪಿಗೆಯೇ ಸರಿ. ನಾಟಕ ನೋಡುವವರು ನಗುತ್ತಾರೆ. ಆ ನಗೆಯ ನಡುವೆ ಒಂದು ಕ್ರಿಯಾಪದವೂ ಒಬ್ಬ ಹೆಣ್ಣುಮಗಳೂ ಒಟ್ಟಿಗೆ ಸೋಲುತ್ತಿರುವುದು ನನಗೆ ಬಹಳ ವರ್ಷ ಕಾಣಲಿಲ್ಲ.

‘ನಿಲ್’ ಆಮೇಲೆ ಬದುಕಲಿಲ್ಲ. ಅದರ ಜಾಗಕ್ಕೆ ಫ್ರೆಂಚಿನ ಮೂಲಕ ಬಂದ ‘ಡಿನೈ’, ‘ರೆಫ್ಯೂಸ್’ ಎಂಬ ಘನವಂತ ಪದಗಳು ಬಂದು ಕುಳಿತವು. ‘ವಿಲ್’ ಮಾತ್ರ ಉಳಿಯಿತಾದರೂ ಅದರಲ್ಲಿದ್ದ ಇಚ್ಛೆಯ ಕಸುವು ಕುಗ್ಗಿ, ಬಹುಮಟ್ಟಿಗೆ ಅದು ಭವಿಷ್ಯತ್ಕಾಲದ ಗುರುತಾಯಿತು. ಇಂದು ‘ನಿಲ್’ ಉಳಿದಿರುವುದು ‘ವಿಲಿ ನಿಲಿ’ ಎಂಬ ಒಂದು ನುಡಿಗಟ್ಟಿನಲ್ಲಿ. ಅದಕ್ಕಾದರೂ ಮೊದಲಿದ್ದ ಅರ್ಥ ‘ಇಷ್ಟವಿರಲಿ ಇಲ್ಲದಿರಲಿ’ ಎಂಬುದು. ಈಗ ಎಷ್ಟೋ ಜನ ಅದನ್ನು ‘ಹೇಗೆಂದರೆ ಹಾಗೆ, ಅಡ್ಡಾದಿಡ್ಡಿಯಾಗಿ’ ಎಂಬರ್ಥದಲ್ಲಿ ಬಳಸುತ್ತಾರೆ. ಒಲ್ಲೆನೆಂಬ ದೃಢವಾದ ಮನಸ್ಸಿಗೆ ಇದ್ದ ಪದ ಕಡೆಗೆ ಮನಸ್ಸೇ ಇಲ್ಲದ ಅವ್ಯವಸ್ಥೆಗೆ ಹೆಸರಾಯಿತು.

ಇದನ್ನು ಓದಿ ತಿಳಿದ ದಿನ ನನಗೆ ನೆನಪಾದದ್ದು ಆ ಅಂಚಿನ ಷರಾ. ಇಂಗ್ಲಿಷಿನಲ್ಲಿ ಚರಿತ್ರೆ ಶತಮಾನಗಳಲ್ಲಿ ಮಾಡಿದ್ದನ್ನು ನಾನು ಒಂದು ಕ್ಷಣದಲ್ಲಿ ಮಾಡಿದ್ದೆ. ಮನೆಯ ಕ್ರಿಯಾಪದವನ್ನು ಹೊಡೆದುಹಾಕಿ ಅದರ ತಲೆಯ ಮೇಲೆ ಹೊರಗಿನಿಂದ ಬಂದ ಘನವಂತ ಪದವೊಂದನ್ನು ಕೂರಿಸಿದ್ದೆ.

ಈಗ ನಮ್ಮ ‘ಒಲ್ಲೆ’ಯ ರಚನೆಯನ್ನು ನೋಡೋಣ. ಕನ್ನಡದ ನಿಷೇಧರೂಪಗಳ ಸೊಗಸು ವ್ಯಾಕರಣ ಓದಿದವರಿಗೆಲ್ಲ ಗೊತ್ತು. ಧಾತುವಿಗೂ ಆಖ್ಯಾತಪ್ರತ್ಯಯಕ್ಕೂ ನಡುವೆ ಕಾಲವನ್ನು ಸೂಚಿಸುವ ಪ್ರತ್ಯಯ ಬಂದರೆ ‘ನೋಡುವೆನು’. ಅದು ಬಾರದೆ ಆಖ್ಯಾತಪ್ರತ್ಯಯ ನೇರವಾಗಿ ಧಾತುವನ್ನು ಹತ್ತಿದರೆ ‘ನೋಡೆನು’. ನಿಷೇಧಕ್ಕೆಂದು ಬೇರೆ ಅಕ್ಷರವೇ ಇಲ್ಲ. ಕಾಲವನ್ನು ತೆಗೆದರೆ ಸಾಕು, ಕ್ರಿಯೆ ಇಲ್ಲವಾಗುತ್ತದೆ. ಆದುದರಿಂದಲೇ ಈ ರೂಪಕ್ಕೆ ನಿನ್ನೆ ಇಂದು ನಾಳೆಗಳ ಭೇದವಿಲ್ಲ. ‘ಒಲ್’ ಎಂಬ ಧಾತುವಿಗೆ ಮೆಚ್ಚು, ಪ್ರೀತಿಸು, ಬಯಸು ಎಂಬ ಅರ್ಥಗಳಿವೆ; ‘ಒಲಿ’, ‘ಒಲವು’ ಎಂಬವು ಅದರ ಒಡಹುಟ್ಟುಗಳು. ‘ಒಲ್’ ಧಾತುವಿನ ವಿಧಿರೂಪಗಳು ಬಳಕೆಯಿಂದ ಜಾರಿಹೋದವು. ನಿಷೇಧರೂಪ ಮಾತ್ರ ಗಟ್ಟಿಯಾಗಿ ಉಳಿಯಿತು. ಹೀಗೆ ಕನ್ನಡದ ತಿರಸ್ಕಾರದ ಮಾತಿನ ಬೇರು ಇರುವುದು ಒಲವಿನಲ್ಲಿ. ಒಲಿಯಬಲ್ಲವನಿಗೆ ಮಾತ್ರ ಒಲ್ಲೆನೆನ್ನುವ ಅಧಿಕಾರ ಎಂಬುದು ಈ ಪದದೊಳಗೆ ಅಡಗಿರುವ ತತ್ತ್ವ.

ಇನ್ನು ‘ಬೇಡ’ವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನನಗೆ ಬೇಡ, ನಿನಗೆ ಬೇಡ, ಅವಳಿಗೆ ಬೇಡ, ಅವರಿಗೆ ಬೇಡ. ಪುರುಷ ಬದಲಾಗಲಿ, ಲಿಂಗ ಬದಲಾಗಲಿ, ವಚನ ಬದಲಾಗಲಿ, ‘ಬೇಡ’ ಕದಲುವುದಿಲ್ಲ. ಬೇಡವೆನ್ನುವ ವ್ಯಕ್ತಿ ಅಲ್ಲಿ ಚತುರ್ಥೀ ವಿಭಕ್ತಿಯಲ್ಲಿ ಒಂದು ಪಕ್ಕಕ್ಕೆ ಸರಿದು ನಿಂತಿದ್ದಾನೆ. ಬೇಡವಾಗಿರುವಿಕೆ ಎಂಬುದೊಂದು ಸ್ಥಿತಿ. ಅದು ಅವನಿಗೆ ಒದಗಿದೆ, ಹಸಿವೆಯೋ ಚಳಿಯೋ ಒದಗಿದಂತೆ. ‘ಒಲ್ಲೆ’ಯಲ್ಲಿ ಹಾಗಲ್ಲ. ನಾನು ಒಲ್ಲೆ, ನಾವು ಒಲ್ಲೆವು, ಅವನು ಒಲ್ಲನು, ಅವಳು ಒಲ್ಲಳು, ಅವರು ಒಲ್ಲರು. ವ್ಯಕ್ತಿ ಪ್ರಥಮಾ ವಿಭಕ್ತಿಯಲ್ಲಿ ವಾಕ್ಯದ ಮುಂದೆ ನಿಲ್ಲುತ್ತಾನೆ; ಕ್ರಿಯಾಪದ ಅವನ ಗುರುತನ್ನು ಹೊತ್ತು ಅವನ ಹಿಂದೆ ನಡೆಯುತ್ತದೆ. ‘ಒಲ್ಲಳು’ ಎಂದೊಡನೆ ಒಲ್ಲದವಳು ಒಬ್ಬ ಹೆಂಗಸೆಂಬುದು ಬೇರೆ ಪದದ ನೆರವಿಲ್ಲದೆ ತಿಳಿಯುತ್ತದೆ. ಇಲ್ಲವೆಂಬುದು ಇರವನ್ನು ನಿಷೇಧಿಸುತ್ತದೆ, ಅಲ್ಲವೆಂಬುದು ಗುರುತನ್ನು ನಿಷೇಧಿಸುತ್ತದೆ, ಬೇಡವೆಂಬುದು ಅಗತ್ಯವನ್ನು ನಿಷೇಧಿಸುತ್ತದೆ. ಒಲ್ಲೆನೆಂಬಲ್ಲಿ ಮಾತ್ರ ನಿಷೇಧಿಸುವವನು ತಾನೇ ಕರ್ತೃವಾಗಿ ಎದ್ದು ನಿಲ್ಲುತ್ತಾನೆ.

‘ನಿರಾಕರಿಸು’ ಎಂಬ ಪದಕ್ಕೂ ಕರ್ತೃ ಉಂಟಲ್ಲ ಎಂದು ಯಾರಾದರೂ ಕೇಳಬಹುದು. ಉಂಟು. ಆದರೆ ಅದು ಹೊರಗೆ ನಿಂತು ವರದಿ ಮಾಡುವವರ ಮಾತು. ಸರಕಾರ ಮನವಿಯನ್ನು ನಿರಾಕರಿಸುತ್ತದೆ. ನ್ಯಾಯಾಲಯ ಜಾಮೀನನ್ನು ನಿರಾಕರಿಸುತ್ತದೆ. ಯಾವ ಮಗಳೂ ತಾಯಿಯ ಮುಂದೆ ನಿಂತು ‘ಅವ್ವಾ, ನಾನು ನಿರಾಕರಿಸುತ್ತೇನೆ’ ಎನ್ನುವುದಿಲ್ಲ. ಆಡಲು ಬಾರದ ಮಾತಿನಿಂದ ಆಡುವ ಮಾತನ್ನು ತಿದ್ದುವುದು ಸಂಸ್ಕಾರವೆನಿಸಲಾರದು. ಹೆಚ್ಚೆಂದರೆ ಅದು ಅಲಂಕಾರ.

ನಮ್ಮ ಸೀಮೆಯಲ್ಲಿ ಈ ಧಾತು ಎಷ್ಟು ಜೀವಂತವಾಗಿದೆಯೆಂಬುದಕ್ಕೆ ಇನ್ನೊಂದು ಸಾಕ್ಷ್ಯವಿದೆ. ಮುಲ್ಲಾಮಾರಿಯ ದಂಡೆಯ ಊರುಗಳಲ್ಲಿ ತೊಗರಿ ಬಿತ್ತಿ ಮುಗಿಲು ನೋಡುವ ಒಕ್ಕಲಿಗ ‘ಮಳಿ ಬರವಲ್ದು’ ಎನ್ನುತ್ತಾನೆ. ಕೂಸಿಗೆ ಬುತ್ತಿ ಕಲಸಿಟ್ಟ ತಾಯಿ ‘ಕೂಸು ಉಣವಲ್ದು’ ಎನ್ನುತ್ತಾಳೆ. ಬಿಡಿಸಿದರೆ ಅದು ಬರಲೊಲ್ಲದು, ಉಣಲೊಲ್ಲದು. ಮಳೆಗೂ ಒಂದು ಮನಸ್ಸುಂಟು, ಅದು ಬರಲು ಒಲ್ಲದು ಎಂಬ ಭಾವ ಆ ರೂಪದ ತಳದಲ್ಲಿದೆ. ಇಂಗ್ಲಿಷಿನವರೂ ತೆರೆಯದ ಬಾಗಿಲನ್ನು ಕುರಿತು ‘ವೋಂಟ್’ ಎನ್ನುವಾಗ ಬಾಗಿಲಿಗೆ ಮನಸ್ಸನ್ನು ಕೊಡುತ್ತಾರೆ. ಆದರೆ ಇಲ್ಲಿ ಒಂದು ಎಚ್ಚರಿಕೆಯೂ ಇದೆ. ‘ಗಾಡಿ ಚಾಲೂ ಆಗವಲ್ದು’ ಎನ್ನುವವನಿಗೆ ಗಾಡಿಯ ಮನಸ್ಸಿನ ನೆನಪೇನೂ ಇರುವುದಿಲ್ಲ. ಬಳಸಿ ಬಳಸಿ ಇಚ್ಛೆ ಸವೆದು ಬರಿಯ ನಿಷೇಧ ಉಳಿಯುವ ದಾರಿಯಲ್ಲಿ ನಮ್ಮ ಧಾತುವೂ ಸಾಗಿದೆ. ಆದಕಾರಣ ಇಚ್ಛೆಯ ಕಸುವು ಪೂರ್ಣವಾಗಿ ಉಳಿದಿರುವ ‘ಒಲ್ಲೆ’ಯನ್ನು ಹೆಚ್ಚು ಜೋಪಾನ ಮಾಡಬೇಕು.

ನೆರೆಯ ಭಾಷೆಗಳೊಡನೆ ಹೋಲಿಸಿದರೆ ಇದರ ಬೆಲೆ ಮತ್ತಷ್ಟು ತಿಳಿಯುತ್ತದೆ. ನಮ್ಮದು ಹಲವು ಭಾಷೆಗಳ ಗಡಿ. ಮರಾಠಿಯ ‘ನಕೋ’, ಅದರಿಂದ ದಖನಿ ಉರ್ದುವಿಗೆ ಬಂದ ‘ನಕ್ಕೊ’, ಇವೆರಡೂ ‘ಬೇಡ’ದ ಜಾಯಮಾನದವು, ‘ಮಲಾ ನಕೋ’ ಎನ್ನುವಲ್ಲಿ ಮನುಷ್ಯ ಚತುರ್ಥಿಯಲ್ಲಿಯೇ ಇದ್ದಾನೆ. ಹಳೆಯ ತೆಲುಗಿನಲ್ಲಿ ನಮ್ಮ ಒಲ್ಲೆಗೆ ಸರಿಯಾದ ‘ಒಲ್ಲನು’ ಉಂಟು. ಆದರೆ ಇಂದಿನ ಆಡುಮಾತಿನಲ್ಲಿ ಕೇಳುವುದು ‘ವದ್ದು’. ಈ ಗಡಿಯ ಸಂತೆಯಲ್ಲಿ ಒಂದೇ ಮುಂಜಾನೆ ಈ ಎಲ್ಲ ನಿಷೇಧಗಳನ್ನೂ ಕೇಳಬಹುದು. ಅವುಗಳ ನಡುವೆ ‘ನಾನು’ ಎಂದು ನಿಂತು ಆಡುವ ಮಾತು ನಮ್ಮ ‘ಒಲ್ಲೆ’.

ಹೀಗಿರುವಾಗ ನನ್ನಂಥವನ ಕೈ ಏಕೆ ಅದರ ಮೇಲೆ ಗೆರೆಯೆಳೆಯಿತು? ಕಾರಣ ನನ್ನೊಬ್ಬನದಲ್ಲ. ಈ ಪ್ರದೇಶ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತ ಉರ್ದುವಿನಲ್ಲಿ, 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಮಾಧ್ಯಮವೂ ಉರ್ದು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯದೊಡನೆ ಸೇರಿದೆವು. ಕನ್ನಡ ಶಾಲೆಯ ಭಾಷೆಯಾಗಿ ಬಂದಿತು. ಅದು ಬಂದಾಗ ಪುಸ್ತಕದ ಕನ್ನಡವಾಗಿ ಬಂದಿತು. ಮನೆಯ ಕನ್ನಡ ಅದಕ್ಕೆ ಹೊಂದದಿದ್ದಲ್ಲಿ ನಾಚಿಕೆಪಡುವುದನ್ನು ನಾವು ಕಲಿತೆವು. ಕನ್ನಡವನ್ನು ಕಷ್ಟದಿಂದ ಪಡೆದವರು ಅದನ್ನು ಶುದ್ಧವಾಗಿಡಬೇಕೆಂಬ ಹಂಬಲದಲ್ಲಿ ತಮ್ಮದೇ ಮಾತನ್ನು ಮೈಲಿಗೆಯೆಂದು ಬಗೆದರು. ಅದೇ ಹಂಬಲವನ್ನು ನನ್ನ ಗುರುಗಳಿಂದ ನಾನು ಪಡೆದೆ, ನನ್ನ ಶಿಷ್ಯರಿಗೆ ದಾಟಿಸುತ್ತ ಬಂದೆ.

ಇದರಲ್ಲಿ ಒಂದು ವಿಪರ್ಯಾಸವೂ ಉಂಟು. ಸುಮಾರು 850ರಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ನಮ್ಮ ಪಕ್ಕದ ಸೇಡಂ ತಾಲ್ಲೂಕಿನಲ್ಲಿಯೇ ಇದೆ. ಆ ಗ್ರಂಥ ಕನ್ನಡದ ತಿರುಳನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಹೆಸರಿಸಿತೇ ಹೊರತು ತನ್ನ ರಾಜಧಾನಿಯನ್ನು ಹೆಸರಿಸಲಿಲ್ಲ. ಅರಮನೆಯ ನೆರಳಿನಲ್ಲಿದ್ದು ಬರೆದವರು ಭಾಷೆಯ ತಿರುಳನ್ನು ಅರಮನೆಯಿಂದ ದೂರದಲ್ಲಿ ಕಂಡರು. ಕನ್ನಡಗಳು ಹಲವು ಎಂಬ ಅರಿವೂ ಆ ಗ್ರಂಥಕ್ಕಿತ್ತು. ಅವರ ನೆಲದಲ್ಲಿ ಕುಳಿತು ಪಾಠ ಹೇಳುವ ನಾನು, ಪುಸ್ತಕದಲ್ಲಿರುವುದೊಂದೇ ಕನ್ನಡವೆಂದು ನಂಬಿದ್ದೆ. ಅದೂ ಹೋಗಲಿ, ‘ಒಲ್ಲೆ’ ಪುಸ್ತಕದಲ್ಲಿಲ್ಲದ ಮಾತೇ? ಹಳಗನ್ನಡ ಕಾವ್ಯಗಳಲ್ಲಿ ಅದುಂಟು, ವಚನಗಳಲ್ಲಿ ಉಂಟು, ದಾಸರ ಪದಗಳಲ್ಲಿ ಉಂಟು. 1894ರ ಕಿಟ್ಟೆಲರ ಕೋಶದಲ್ಲಿಯೂ ಅದಕ್ಕೆ ಸ್ಥಾನವುಂಟು. ಪಂಡಿತರ ಪಠ್ಯದಲ್ಲಿ ಕಂಡರೆ ಪ್ರಾಚೀನ ಪ್ರಯೋಗ, ಚಿಮ್ಮನಚೋಡದ ಹುಡುಗಿಯ ಉತ್ತರಪತ್ರಿಕೆಯಲ್ಲಿ ಕಂಡರೆ ಗ್ರಾಮ್ಯ. ಇದು ವ್ಯಾಕರಣವೆ?

ಇನ್ನು ಎರಡನೆಯ ಸಂಗತಿ. ಆ ಹುಡುಗಿಯ ಕೊನೆಯ ವರ್ಷದಲ್ಲಿ ಅವಳ ತಂದೆ ನನ್ನನ್ನು ನೋಡಲು ಕಾಲೇಜಿಗೆ ಬಂದರು. ಒಂದು ಒಳ್ಳೆಯ ಸಂಬಂಧ ಬಂದಿತ್ತಂತೆ. ವರನಿಗೆ ಹೊಲವಿತ್ತು, ಪಟ್ಟಣದಲ್ಲಿ ಕೆಲಸವಿತ್ತು. ಮಗಳು ಒಪ್ಪಲಿಲ್ಲ. ಅವರ ಮುಖದಲ್ಲಿ ಸಿಟ್ಟಿಗಿಂತ ಗೊಂದಲ ಹೆಚ್ಚಾಗಿತ್ತು. “ನೀವ್ ಕಲಿಸಿದ್ರೇನ್ರಿ ಸರ್ ಇದನ್ನ?” ಎಂದು ಕೇಳಿದರು. ನಾನು, ತಿಳಿಸಿ ಹೇಳಿ ನೋಡಬೇಕಿತ್ತು ಎಂದೇನೋ ಅಂದೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ನಾನು ಮರೆಯಲಾರೆ. “ಬ್ಯಾಡ ಅಂದಿದ್ರ ತಿಳಿಸಿ ಹೇಳ್ತಿದ್ದೆ ಸರ್. ಇವತ್ತು ಬ್ಯಾಡ ಅಂದ್ರ ನಾಳಿ ಬೇಕ್ ಆಗ್ತದ. ಅಕಿ ಒಲ್ಲೆ ಅಂದ್ಳು. ಒಲ್ಲೆ ಅಂದ ಮ್ಯಾಲ ಏನ್ ಮಾಡೂದ್ರಿ?”

ಅಕ್ಷರ ಹೆಚ್ಚು ಬಾರದ ಆ ಒಕ್ಕಲಿಗ ನಾನು ಇಲ್ಲಿ ಇಷ್ಟು ಪುಟಗಳಲ್ಲಿ ಹೇಳಿದ ವ್ಯಾಕರಣವನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದರು. ‘ಬೇಡ’ಕ್ಕೆ ಕಾಲವುಂಟು, ‘ಒಲ್ಲೆ’ಗೆ ಕಾಲವಿಲ್ಲ. ‘ಬೇಡ’ ಸ್ಥಿತಿ, ಬದಲಾಗಬಹುದು; ‘ಒಲ್ಲೆ’ ಮನುಷ್ಯ, ಒಪ್ಪಿಸಬೇಕಾದರೆ ಮುರಿಯಬೇಕು. ಅವರು ಮಗಳನ್ನು ಮುರಿಯಲೊಲ್ಲದ ತಂದೆ. ಸಂಬಂಧ ಬಿಟ್ಟುಹೋಯಿತು, ಹುಡುಗಿ ಪದವಿ ಮುಗಿಸಿದಳು. ಅವಳಿಗೆ ನಾವು ಕಲಿಸಿದೆವೆಂದು ತಂದೆ ತಿಳಿದ ಆ ಮಾತನ್ನೇ ನಾನು ಅವಳ ಪತ್ರಿಕೆಯಲ್ಲಿ ಹೊಡೆದುಹಾಕಿದ್ದೆನೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಒಂದು ಪದ ಒಬ್ಬಳನ್ನು ಕಾಪಾಡಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಭಾಷೆಯವರ ದೊಡ್ಡ ಮಾತಾದೀತು. ಇದೇ ಸೀಮೆಯಲ್ಲಿ ಒಲ್ಲೆನೆಂದು ಅತ್ತ ಹುಡುಗಿಯರನ್ನು ಹಸೆಗೆ ಕೂರಿಸಿದ ಮನೆಗಳೂ ಉಂಟು. ಮೌನವೇ ಸಮ್ಮತಿಯ ಲಕ್ಷಣವೆಂಬ ಸಂಸ್ಕೃತದ ನುಡಿ ಸಾಲದೆಂಬಂತೆ, ಒಲ್ಲೆನೆಂಬುದೂ ನಾಚಿಕೆಯ ಲಕ್ಷಣವೆಂದು ಅರ್ಥ ಹಚ್ಚುವ ಪೆಟ್ರೂಕಿಯೊಗಳು ನಮ್ಮಲ್ಲಿ ಕಡಮೆಯಿಲ್ಲ. 1955ರ ಹಿಂದೂ ವಿವಾಹ ಕಾಯಿದೆ ಬಲಾತ್ಕಾರದಿಂದ ಪಡೆದ ಸಮ್ಮತಿಯ ಮೇಲೆ ನಡೆದ ಮದುವೆಯನ್ನು ರದ್ದುಮಾಡಿಸಲು ಅವಕಾಶ ಕೊಟ್ಟಿದೆ. ಕಾನೂನು ಆಮೇಲೆ ಬರುವ ನೆರವು. ಅದಕ್ಕೂ ಮೊದಲು ಮನೆಯ ಪಡಸಾಲೆಯಲ್ಲಿ ಆಡುವವಳೊಬ್ಬಳು, ಕೇಳುವವನೊಬ್ಬನು ಇರಬೇಕು. ಇಬ್ಬರಿಗೂ ಅರ್ಥ ಒಂದೇ ಆಗಿರುವ ಮಾತೊಂದು ಇರಬೇಕು. ಆ ತಂದೆ ಮಗಳ ನಡುವೆ ಅಂಥ ಮಾತಿತ್ತು. ಹೆಣ್ಣುಮಕ್ಕಳಿಗೆ ಧೈರ್ಯ ಕೊಡುವುದು ನಮ್ಮ ತರಗತಿಗಳ ಶಕ್ತಿಗೆ ಮೀರಿದ್ದಿರಬಹುದು. ಅವರಲ್ಲಿ ಇರುವ ಮಾತನ್ನು ಕಿತ್ತುಕೊಳ್ಳದಿರುವುದು ಖಂಡಿತವಾಗಿ ನಮ್ಮ ಕೈಯಲ್ಲಿದೆ.

ಆದುದರಿಂದ ಕನ್ನಡ ಬೋಧಿಸುವ ನನ್ನ ಮಿತ್ರರಲ್ಲಿ ಒಂದು ವಿಜ್ಞಾಪನೆ. ‘ಒಲ್ಲೆ’ ನಿಮ್ಮ ಮುಂದಿನ ಪತ್ರಿಕೆಯಲ್ಲಿ ಬಂದರೆ ಅದನ್ನು ಹಾಗೆಯೇ ಬಿಡಿ. ನಿಷೇಧರೂಪಗಳ ಪಾಠ ಬಂದಾಗ ‘ತಿನ್ನನು, ಹೋಗನು’ ಎಂಬ ಆಡುಮಾತಿನಲ್ಲಿ ಈಗ ಅಪರೂಪವಾದ ಉದಾಹರಣೆಗಳ ಜೊತೆಗೆ, ಮಕ್ಕಳು ಬೆಳಿಗ್ಗೆ ಮನೆಯಲ್ಲಿ ಆಡಿ ಬಂದಿರುವ ಈ ಒಂದನ್ನು ಹಲಗೆಯ ಮೇಲೆ ಬರೆಯಿರಿ. ಇಂಗ್ಲಿಷಿನವರಿಗೆ ತಮ್ಮ ‘ನಿಲ್’ ಸಿಕ್ಕುವುದು ಈಗ ಹಳೆಯ ನಾಟಕಗಳ ಅಡಿಟಿಪ್ಪಣಿಯಲ್ಲಿ. ನಮ್ಮದಕ್ಕೆ ಆ ಗತಿ ಬರಬೇಕಾಗಿಲ್ಲ.

ಆ ಹುಡುಗಿಯ ಅರ್ಧ ಅಂಕವನ್ನು ಹಿಂದಿರುಗಿಸಲು ನನ್ನಿಂದ ಆಗಲಿಲ್ಲ. ನನಗೆ ತಿಳಿವಳಿಕೆ ಬರುವ ವೇಳೆಗೆ ಅಂಕಪಟ್ಟಿ ಹೋಗಿಬಿಟ್ಟಿತ್ತು. ಆ ಸಾಲ ನನ್ನ ಮೇಲಿದೆ.